ನೀರುಕಾಗೆಯ ಹೆಸರಿಗೆ ಬಿದ್ದ ಆವರಣ

ಹೊಸದುರ್ಗ ತಾಲ್ಲೂಕಿನ ಬಾಗೂರಿನ ಕಡೆ ತಿಥಿಯ ದಿನ ಎಡೆ ಇಟ್ಟು ‘ಕಾ ಕಾ’ ಎಂದು ಕೂಗುವವರು, ಬಂದ ಕಾಗೆಯ ಕತ್ತು ಬೂದಿಯೋ ಕಪ್ಪೋ ಎಂದು ನೋಡುವುದಿಲ್ಲ. ಯಾವುದು ಮುಟ್ಟಿದರೂ ಹಿರಿಯರಿಗೆ ಸಂದಂತೆ. ಹಾಗೆಂದು ಎರಡೂ ಒಂದೇ ಹಕ್ಕಿಯಲ್ಲ: ಬೂದುಗತ್ತಿನದು ಊರುಕಾಗೆ, ಮೈಯೆಲ್ಲ ಕಪ್ಪಾಗಿ, ಕೊಕ್ಕು ದಪ್ಪಗಿದ್ದು, ದನಿ ಒಡೆದಂತಿರುವುದು ಕಾಡುಕಾಗೆ.

ಹೆಸರಿಡುವ ಕೆಲಸ ನಮ್ಮಲ್ಲಿ ಹಳೆಯದು. ಅಮರಕೋಶದಲ್ಲಿ ಕಾಗೆ ‘ಬಲಿಭುಕ್’, ಬಲಿಯನ್ನ ಉಣ್ಣುವುದು. ‘ಆತ್ಮಘೋಷ’, ತನ್ನ ಹೆಸರನ್ನು ತಾನೇ ಕೂಗುವುದು. ‘ಪರಭೃತ್’, ಪರರನ್ನು ಸಾಕುವುದು. ಕೋಗಿಲೆಯೋ ‘ಪರಭೃತ’, ಪರರಿಂದ ಸಾಕಿಸಿಕೊಂಡದ್ದು. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವ ಸಂಗತಿಯೆಲ್ಲ ಕೊನೆಯ ಒಂದು ಅಕಾರದಲ್ಲಿ ಅಡಗಿದೆ. ನಡತೆಯನ್ನು ಇಷ್ಟು ಬಿಗಿಯಾಗಿ ಹಿಡಿದ ಹೆಸರು ಲ್ಯಾಟಿನ್ ಪಟ್ಟಿಗಳಲ್ಲಿ ನನಗೆ ಸಿಕ್ಕಿಲ್ಲ. ಆದರೆ ಯಾವ ಹಕ್ಕಿ ಯಾವುದಕ್ಕೆ ನೆಂಟ ಎಂಬುದನ್ನು ಇವು ಹೇಳವು.

ಆ ಪ್ರಶ್ನೆಗೆ ಒಂದು ಚೌಕಟ್ಟು ಸಿಕ್ಕಿದ್ದು 1758ರಲ್ಲಿ. ಸ್ವೀಡನ್ನಿನ ಲಿನೇಯಸ್ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರಿಟ್ಟ: ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಯುರೋಪಿನ ದೊಡ್ಡ ಕಾಗೆ ರೇವನ್ ‘ಕಾರ್ವಸ್ ಕೊರಾಕ್ಸ್’ ಆಯಿತು. ಮೊದಲ ಪದ ಲ್ಯಾಟಿನ್ನಿನ ಕಾಗೆ, ಎರಡನೆಯದು ಗ್ರೀಕಿನ ಕಾಗೆ. ರೇವನ್ ಹಿಮಾಲಯದಲ್ಲೂ ರಾಜಸ್ಥಾನದ ಒಣನಾಡಿನಲ್ಲೂ ಉಂಟು, ಕರ್ನಾಟಕದಲ್ಲಿಲ್ಲ. ನಮ್ಮ ಎರಡೂ ಕಾಗೆಗಳು ಅದರ ಕುಲದವೇ.

ಊರುಕಾಗೆಗೆ ‘ಕಾರ್ವಸ್ ಸ್ಪ್ಲೆಂಡೆನ್ಸ್’, ಹೊಳೆಯುವ ಕಾಗೆ, ಎಂದವನು ಫ್ರಾನ್ಸಿನ ಲೂಯಿ ವಿಯೆಯೊ, 1817ರಲ್ಲಿ, ಒಂದು ನಿಘಂಟಿನಲ್ಲಿ. ಅದೇ ವರ್ಷ ಅದೇ ನಿಘಂಟಿನಲ್ಲಿ ಆತ ಇನ್ನೊಂದು ಕರಿಹಕ್ಕಿಯನ್ನು ‘ಹೈಡ್ರೊಕೊರಾಕ್ಸ್ ನೈಗರ್’ ಎಂದು ಕರೆದ. ಹೈಡ್ರೊ ಎಂದರೆ ನೀರು, ಕೊರಾಕ್ಸ್ ಎಂದರೆ ಕಾಗೆ. ನಮ್ಮ ಕೆರೆಗಳ ನೀರುಕಾಗೆ! ನಮ್ಮವರ ಮಾತನ್ನೇ ಫ್ರೆಂಚನೊಬ್ಬ ಗ್ರೀಕಿನಲ್ಲಿ ಆಡಿದಂತಿದೆ. ಇದನ್ನು ಗಮನಿಸಿದಾಗ ಆದ ಸಂತೋಷ ನನಗೆ ಇನ್ನೂ ಇಳಿದಿಲ್ಲ.

ಆ ಕುಲನಾಮ ಉಳಿಯಲಿಲ್ಲ. ನಾಲ್ಕೂ ಬೆರಳುಗಳನ್ನು ಪೊರೆ ಕೂಡಿಸಿರುವ ನೀರುಕಾಗೆಗೂ ಕಾಗೆಗೂ ನೆಂಟಸ್ತಿಕೆಯಿಲ್ಲ. ಇಂದು ಅದು ‘ಮೈಕ್ರೊಕಾರ್ಬೊ ನೈಗರ್’. ಆದರೆ ‘ನೈಗರ್’ ಹಾಗೇ ಇದೆ. ಅದರ ಮುಂದೆ ವಿಯೆಯೊನ ಹೆಸರು ಮತ್ತು 1817 ಆವರಣದೊಳಗೆ ಕೂತಿವೆ. ಪ್ರಭೇದವನ್ನು ಬೇರೆ ಕುಲಕ್ಕೆ ಸಾಗಿಸಿದರೆ ಮೊದಲು ಹೆಸರಿಟ್ಟವನನ್ನು ಆವರಣದಲ್ಲಿ ಬರೆಯಬೇಕು. ಊರುಕಾಗೆ ಕದಲಲಿಲ್ಲ, ಅದಕ್ಕೆ ಆವರಣವಿಲ್ಲ. ಮಟಪಕ್ಷಿಗೆ ಇದೆ: ಕಂದು ಮೈಯ, ಉದ್ದ ಬಾಲದ ಆ ಹಕ್ಕಿಯನ್ನು ಲೇಥಮ್ 1790ರಲ್ಲಿ ನೀಲಕಂಠದ ಕುಲಕ್ಕೆ ಸೇರಿಸಿದ್ದ. ಅದು ನಿಜವಾಗಿ ಕಾಗೆಯ ಕುಟುಂಬದ್ದು.

ಒಂದೇ ಹಕ್ಕಿಗೆ ಹಲವರು ಹಲವು ಹೆಸರಿಟ್ಟು ಗೊಂದಲ ಬೆಳೆದಾಗ, 1842ರಲ್ಲಿ ಬ್ರಿಟನ್ನಿನ ಸ್ಟ್ರಿಕ್‌ಲ್ಯಾಂಡ್ ಮುಂದಾಳುತನದ ಸಮಿತಿ ನಿಯಮ ಬರೆಯಿತು. 1895ರಲ್ಲಿ ಅಂತರರಾಷ್ಟ್ರೀಯ ಆಯೋಗವೇ ಬಂತು. ತಿರುಳು ಇಷ್ಟು: ಮೊದಲು ಪ್ರಕಟವಾದ ಹೆಸರಿಗೆ ಹಕ್ಕು. ನೀರುಕಾಗೆ ಎಂಬ ಕನ್ನಡದ ಮಾತಿಗೆ ಇಸವಿಯೂ ಇಲ್ಲ, ಕಾಯುವ ನಿಯಮವೂ ಇಲ್ಲ. ಅದಕ್ಕೇ, 1862ರಿಂದ 64ರವರೆಗೆ ‘ಬರ್ಡ್ಸ್ ಆಫ್ ಇಂಡಿಯಾ’ ಹೊರತಂದ ಜೆರ್ಡನ್ ದೇಶಭಾಷೆಯ ಹೆಸರುಗಳನ್ನೂ ಜೊತೆಗೆ ಬರೆದಿಟ್ಟದ್ದನ್ನು, ತೇಜಸ್ವಿಯವರು ‘ಕನ್ನಡನಾಡಿನ ಹಕ್ಕಿಗಳು’ ಬರೆದದ್ದನ್ನು ನಾನು ದೊಡ್ಡ ಕೆಲಸವೆಂದು ಎಣಿಸುತ್ತೇನೆ.

ಕಾಡುಕಾಗೆಯ ವ್ಯಾಜ್ಯ ಮುಗಿದಿಲ್ಲ. ಜಾವಾದ ಹಕ್ಕಿಯನ್ನು ವಾಗ್ಲರ್ 1827ರಲ್ಲಿ ‘ಮ್ಯಾಕ್ರೊರಿಂಕೋಸ್’, ದೊಡ್ಡಕೊಕ್ಕಿನದು, ಎಂದ. ದಖ್ಖನ್ನಿನ ಹಕ್ಕಿಯನ್ನು ಸೇನಾಧಿಕಾರಿ ಸೈಕ್ಸ್ 1832ರಲ್ಲಿ ‘ಕಲ್ಮಿನೇಟಸ್’ ಎಂದ. ಎರಡೂ ಒಂದೇ ಎಂದಾದರೆ ಐದು ವರ್ಷದ ಹಿರಿತನದಿಂದ ವಾಗ್ಲರನ ಹೆಸರೇ ಗೆಲ್ಲಬೇಕು. ಪಕ್ಷಿತಜ್ಞರಾದ ಸಲೀಂ ಅಲಿ ಮತ್ತು ರಿಪ್ಲಿ ತಮ್ಮ ಹಕ್ಕಿಗಳ ಹ್ಯಾಂಡ್‌ಬುಕ್ಕಿನಲ್ಲಿ ಹಾಗೆಯೇ ನಡೆದು ‘ಕಲ್ಮಿನೇಟಸ್’ ಅನ್ನು ಉಪಪ್ರಭೇದ ಮಾಡಿದರು. 2005ರಲ್ಲಿ ರಾಸ್ಮುಸೆನ್ ಮತ್ತು ಆಂಡರ್ಟನ್ ಅದನ್ನು ಬೇರೆ ಪ್ರಭೇದವೆಂದು ಎಣಿಸಿದರು. ಎಲ್ಲರೂ ಒಪ್ಪಿಲ್ಲ. ಬಾಗೂರಿನ ತೆಂಗಿನ ತೋಟದಲ್ಲಿ ಕೂಗುವ ಕಾಡುಕಾಗೆ ಒಂದು ಪಟ್ಟಿಯಲ್ಲಿ ಪ್ರಭೇದ, ಇನ್ನೊಂದರಲ್ಲಿ ಉಪಪ್ರಭೇದ.