ಮರಿಯಾಗದ ಮೊಟ್ಟೆಯೂ ಪ್ರತಿಕಾಯದ ಸಾಕ್ಷ್ಯವೂ

ಕಾವಿಗೆ ಕೂತ ಕೋಳಿಯ ಮೊಟ್ಟೆಗಳೆಲ್ಲವೂ ಇಪ್ಪತ್ತೊಂದನೆಯ ದಿನ ಮರಿಯಾಗುವುದಿಲ್ಲವೆಂಬುದು ಹೆಗ್ಗಡದೇವನಕೋಟೆ, ಹುಣಸೂರು ಸೀಮೆಯ ಮನೆಮನೆಗೂ ತಿಳಿದ ಸಂಗತಿ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದರ ಅನ್ವೇಷಣೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಯೊಂದಿಗೆ ಹೇಗೆ ಕೂಡಿತೆಂಬುದನ್ನೂ, ಅಂತಹ ಸಂಶೋಧನೆಯಲ್ಲಿ ಪ್ರತಿಕಾಯಗಳ ಸಾಕ್ಷ್ಯಕ್ಕೆ ಎಷ್ಟು ಬೆಲೆ ಕೊಡಬಹುದೆಂಬುದನ್ನೂ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧೯೫೪ರಲ್ಲಿ ಮಾ ಎಂಬ ವಿದ್ವಾಂಸರು ವಿಚಿತ್ರವಾದೊಂದು ಕೋಳಿತಳಿಯನ್ನು ವರ್ಣಿಸಿದರು. ಅದರ ಹೇಂಟೆಗಳಿಟ್ಟ ಮೊಟ್ಟೆಗಳಲ್ಲಿ ರೈಬೊಫ್ಲೇವಿನ್ ಎಂಬ ಜೀವಸತ್ವದ ಕೊರತೆಯಿತ್ತು. ಈ ಕೊರತೆ ವಂಶಾನುಗತವಾದುದು. ಭ್ರೂಣವು ಸುಮಾರು ಹದಿಮೂರನೆಯ ದಿನಕ್ಕೆ ಸಾಯುತ್ತಿತ್ತು. ೧೯೫೯ರಲ್ಲಿ ರೋಡ್ಸ್, ಬೆನೆಟ್ ಮತ್ತು ಫೀನಿಯವರು ಮೊಟ್ಟೆಯ ಬಿಳಿಭಾಗದಲ್ಲಿ ಈ ಜೀವಸತ್ವವನ್ನು ಹಿಡಿದಿಡುವ ಪ್ರೋಟೀನನ್ನು ವಿವರಿಸಿದರು. ಆ ತಳಿಯಲ್ಲಿ ಕೆಟ್ಟಿದ್ದುದು ಈ ವಾಹಕವೇ ಎಂಬುದು ೧೯೬೭ರ ವೇಳೆಗೆ ವ್ಯಕ್ತವಾಯಿತು.

ಮೊಟ್ಟೆಯಿಡದ ಸಸ್ತನಿಗಳಲ್ಲಿಯೂ ತಾಯಿಯಿಂದ ಭ್ರೂಣಕ್ಕೆ ಜೀವಸತ್ವವನ್ನೊಯ್ಯುವ ಇಂತಹ ವಾಹಕವುಂಟೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ವಿಜ್ಞಾನ ಸಂಸ್ಥೆಯ ಪಿ. ಆರ್. ಅಡಿಗರು. ೧೯೮೦ರಲ್ಲಿ ಮುನಿಯಪ್ಪ ಮತ್ತು ಅಡಿಗರು ಗರ್ಭಿಣಿ ಇಲಿಗಳಲ್ಲಿ ಅಂತಹ ವಾಹಕವಿರುವುದನ್ನು ವರದಿಮಾಡಿದರು. ೧೯೮೨ರಲ್ಲಿ ಮೂರ್ತಿ ಮತ್ತು ಅಡಿಗರು, ಕೋಳಿಯ ಪ್ರೋಟೀನಿನಿಂದ ಇಲಿಗಳಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿದರೆ ಗರ್ಭವು ಮುಂದುವರಿಯದೆಂದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗರ್ಭನಿರೋಧಕ ಲಸಿಕೆಯ ಆಸೆಯೂ ಇಲ್ಲಿಂದ ಚಿಗುರಿತು.

ಆದರೆ ಇಡೀ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಒಂದು ಮಿಶ್ರಣ; ಒಂದೊಂದೂ ಬೇರೆ ಬೇರೆ ಭಾಗವನ್ನು ಗುರುತಿಸುತ್ತದೆ. ಯಾವ ಭಾಗವೆಂದು ತಿಳಿಯಲು ಕೃತಕ ಪೆಪ್ಟೈಡುಗಳು ಬೇಕಾದುವು. ೧೯೬೩ರಲ್ಲಿ ಮೆರಿಫೀಲ್ಡರು ಪ್ರಕಟಿಸಿದ ಘನಾಧಾರ ವಿಧಾನವು ಅವುಗಳ ತಯಾರಿಕೆಯನ್ನು ಸುಲಭಗೊಳಿಸಿತ್ತು. ೨೧೯ ಅಮೈನೊ ಆಮ್ಲಗಳ ಈ ಸರಪಳಿಯ ಚಿಕ್ಕ ತುಣುಕುಗಳನ್ನು ಕೃತಕವಾಗಿ ರಚಿಸಿ ಅಡಿಗರ ಬಳಗವು ಪರೀಕ್ಷಿಸಿತು.

ಇಂತಹ ಪೆಪ್ಟೈಡಿಗೆ ಇನ್ನೊಂದು ಉಪಯೋಗವೂ ಉಂಟು. ಪ್ರತಿಕಾಯವನ್ನು ಮೊದಲೇ ಅದರೊಡನೆ ಬೆರೆಸಿಟ್ಟರೆ ಪ್ರತಿಕಾಯದ ಬಂಧನಸ್ಥಾನಗಳು ತುಂಬಿಹೋಗುತ್ತವೆ. ಬಳಿಕ ಅಂಗಾಂಶದಲ್ಲಿ ಮೊದಲು ಕಂಡ ಗುರುತು ಕಾಣದೆ ಹೋಗಬೇಕು. ಸಂಬಂಧವಿಲ್ಲದ ಪೆಪ್ಟೈಡನ್ನು ಬೆರೆಸಿದಾಗ ಅದು ಉಳಿಯಬೇಕು. ಇದೇ ತಡೆಪರೀಕ್ಷೆ.

ಈ ಪರೀಕ್ಷೆಗೂ ಮಿತಿಯುಂಟೆಂಬುದನ್ನು ಮರೆಯಬಾರದು. ಗುರುತು ಮಾಯವಾದರೆ, ಪ್ರತಿಕಾಯವು ತನ್ನ ಬಂಧನಸ್ಥಾನದಿಂದಲೇ ಹಿಡಿದಿತ್ತೆಂದು ಸಿದ್ಧವಾಗುತ್ತದೆ. ಹಿಡಿದದ್ದು ನಾವು ಅರಸುವ ಪ್ರೋಟೀನನ್ನೇ ಎಂದು ಸಿದ್ಧವಾಗುವುದಿಲ್ಲ. ಹೋಲುವ ಭಾಗವುಳ್ಳ ಬೇರೊಂದು ಪ್ರೋಟೀನಿದ್ದರೂ ಫಲಿತಾಂಶ ಅದೇ. ಕೋಳಿಯ ಈ ವಾಹಕಕ್ಕೆ ಸಸ್ತನಿಗಳ ಫೋಲೇಟ್ ಬಂಧಕ ಪ್ರೋಟೀನುಗಳೊಡನೆ ರಚನಾಸಾಮ್ಯವಿರುವುದರಿಂದ ಈ ಶಂಕೆ ನಿರಾಧಾರವಲ್ಲ.

ಹಾಗಾದರೆ ದೃಢವಾದ ಸಾಕ್ಷಿ ಯಾವುದು? ಅರಸುವ ಪ್ರೋಟೀನು ಇಲ್ಲವೇ ಇಲ್ಲವೆಂದು ಬೇರೆ ಆಧಾರದಿಂದ ತಿಳಿದಿರುವ ಅಂಗಾಂಶ. ಅಲ್ಲಿಯೂ ಗುರುತು ಕಂಡರೆ ಪ್ರತಿಕಾಯವನ್ನು ನಂಬಲಾಗದು. ಕೋಳಿಯ ಮಟ್ಟಿಗೆ ಮಾ ಅವರ ತಳಿಯು ಇಂತಹ ಹೋಲಿಕೆಯನ್ನು ಒದಗಿಸುತ್ತದೆ. ಮರಿಯಾಗದೆ ಉಳಿದ ಮೊಟ್ಟೆಯು ವಾಹಕದ ಅಗತ್ಯವನ್ನು ಮೊದಲು ತೋರಿಸಿಕೊಟ್ಟಿತು. ಅದನ್ನು ಅರಸುವ ಪ್ರತಿಕಾಯದ ಸತ್ಯಾಸತ್ಯವನ್ನು ಒರೆಗೆ ಹಚ್ಚಲು ತಕ್ಕದ್ದೂ ಅದೇ ಎಂಬುದು ನಮ್ಮ ಅಭಿಪ್ರಾಯ.