ತಾಳಗುಂದದ ಕಂಬವೂ ‘ತನ್ನನ್ನು’ ಎಂಬ ಮಾತೂ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವು ಕದಂಬಕುಲದ ಉದಯವನ್ನು ತಿಳಿಸುವ ಪ್ರಧಾನ ಆಧಾರವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಇದರ ಸಂಸ್ಕೃತ ಪದ್ಯಗಳನ್ನು 5ನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿಯು ರಚಿಸಿದನು. ಇದರೊಳಗಣ ಒಂದು ವೃತ್ತಾಂತವನ್ನು ಇಂಗ್ಲಿಷಿನ ಜಾಡಿನಲ್ಲಿ ಕನ್ನಡಿಸಿದರೆ, ಸರ್ವನಾಮವೊಂದರ ದೆಸೆಯಿಂದ ಚರಿತ್ರೆಯ ಅರ್ಥವೇ ಕದಲುವುದು. ಅದನ್ನಿಷ್ಟು ವಿಚಾರಿಸೋಣ.

ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಾರ್ಥವಾಗಿ ಕಾಂಚೀಪುರದ ಘಟಿಕೆಯನ್ನು ಸೇರಿದನು. ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಕಲಹವುಂಟಾಗಿ ಕ್ರುದ್ಧನಾದನು. ಆಗ ಅವನ ಮನಸ್ಸಿನಲ್ಲಿ ಮೂಡಿದುದೇನು?

ಇಂಗ್ಲಿಷಿನವರು ಇದನ್ನು ‘ಹಿ ಕನ್ಸಿಡರ್ಡ್ ಹಿಮ್‌ಸೆಲ್ಫ್ ಇನ್ಸಲ್ಟೆಡ್’ ಎಂದು ಹೇಳಬಹುದು. ಕನ್ಸಿಡರ್, ಥಿಂಕ್, ಬಿಲೀವ್ ಮೊದಲಾದ ಅಭಿಪ್ರಾಯವಾಚಕ ಕ್ರಿಯೆಗಳಿಗೆ ಆ ಭಾಷೆಯಲ್ಲಿ ವ್ಯಕ್ತಿಯೇ ಕರ್ಮವಾಗಿ ನಿಲ್ಲಬಲ್ಲನು. ಎಣಿಸುವವನೂ ಎಣಿಸಲ್ಪಟ್ಟವನೂ ಒಬ್ಬನೇ ಆದರೆ ‘ಹಿಮ್‌ಸೆಲ್ಫ್’ ಎಂದೇ ಹೇಳಬೇಕು. ಬರಿಯ ‘ಹಿಮ್’ ಎಂದರೆ ಬೇರೊಬ್ಬನೆಂದಾಗುವುದು. ಇದನ್ನು ಪದಶಃ ಅನುಸರಿಸಿದರೆ ‘ತನ್ನನ್ನು ಅವಮಾನಿತನೆಂದು ಪರಿಗಣಿಸಿದನು’ ಎಂಬ ವಾಕ್ಯ ಹುಟ್ಟುವುದು. ವ್ಯಾಕರಣಕ್ಕೆ ಇದು ವಿರುದ್ಧವಲ್ಲ. ಆದರೆ ನಮ್ಮ ನುಡಿಯ ನಡೆಯೂ ಅಲ್ಲ.

ಕನ್ನಡಿಗನು ‘ತನಗೆ ಅವಮಾನವಾಯಿತೆಂದುಕೊಂಡನು’ ಎನ್ನುವನು; ‘ತಾನು ಜಾಣನೆಂದು ತಿಳಿದುಕೊಂಡಿದ್ದಾನೆ’ ಎನ್ನುವನು. ಇಲ್ಲಿ ‘ತಾನು’ ಎಂಬುದು ಕರ್ಮವಾಗದೆ ಒಳವಾಕ್ಯದ ಕರ್ತೃವಾಗಿಯೇ ಉಳಿಯುವುದು. ಅದರ ಸ್ಥಾನದಲ್ಲಿ ‘ಅವನು’ ಎಂದರೆ ಮತ್ತೊಬ್ಬನ ಸೂಚನೆಯಾದೀತು. ‘ಎಂದು’ ಎಂಬುದು ಎಣಿಕೆಯನ್ನು ಮಾತಿನಂತೆಯೇ ಮುಂದಿಡುವುದು. ‘ಕೊಳ್’ ಎಂಬ ಸಹಾಯಕ್ರಿಯೆಯು ಅದನ್ನು ಆಡಿದವನ ಕಡೆಗೇ ತಿರುಗಿಸುವುದು. ‘ಅಂದುಕೊಳ್ಳು’ ಎಂದರೆ ತನಗೆ ತಾನೇ ಹೇಳಿಕೊಳ್ಳುವುದು, ಅದುವೇ ಭಾವಿಸುವುದು. ಇಂಗ್ಲಿಷು ಸರ್ವನಾಮದಲ್ಲಿ ಇಡುವ ಆತ್ಮಾರ್ಥವನ್ನು ಕನ್ನಡವು ಬಹುಮಟ್ಟಿಗೆ ಕ್ರಿಯೆಯಲ್ಲಿ ಇಟ್ಟಿದೆ.

ಈಗ ಕಂಬದ ಕಡೆಗೆ ತಿರುಗೋಣ. ಕುಬ್ಜನೂ ನಾಯಕನ ಎಣಿಕೆಯನ್ನು ಅವನ ಮಾತಾಗಿಯೇ ಕೊಟ್ಟು ‘ಇತಿ’ ಎಂದು ಮುಗಿಸುವನು. ನಮ್ಮ ‘ಎಂದು’ ಅದಕ್ಕೆ ಸರಿಸಾಟಿ. ಆ ಮಾತಿನಲ್ಲಿ ‘ನನಗೆ ಅವಮಾನವಾಯಿತು’ ಎಂಬ ಅಳಲಿಲ್ಲ. ಈ ಕಲಿಯುಗದಲ್ಲಿ ಬ್ರಾಹ್ಮಣ್ಯವು ಕ್ಷಾತ್ರಕ್ಕಿಂತ ದುರ್ಬಲವಾಯಿತಲ್ಲಾ, ಗುರುಕುಲವನ್ನು ಸೇವಿಸಿ ವೇದಶಾಖೆಯನ್ನು ಓದಿದವನ ಸಿದ್ಧಿಯೂ ಅರಸನ ಅಧೀನವಾಗಬೇಕೆ ಎಂಬುದೇ ಅದರ ಭಾವ. ಬಳಿಕವೇ ದರ್ಭೆ ಸಮಿತ್ತುಗಳನ್ನು ಹಿಡಿದ ಕೈ ಖಡ್ಗವನ್ನು ಎತ್ತಿತು. ‘ತನ್ನನ್ನು ಅವಮಾನಿತನೆಂದು ಪರಿಗಣಿಸಿದನು’ ಎಂದು ಬರೆದೊಡನೆ, ಒಂದು ವರ್ಗದ ಸ್ಥಿತಿಗಾಗಿ ಮರುಗಿದವನು ಸ್ವಂತ ಮಾನಕ್ಕಾಗಿ ಮಾತ್ರ ಕೆರಳಿದವನಾಗುವನು.

ಅರಸುತನದ ವಿಷಯದಲ್ಲಿಯೂ ಹೀಗೆಯೇ. ಮಯೂರಶರ್ಮನು ತಾನೇ ಅರಸನೆಂದುಕೊಂಡನೆಂದು ಶಾಸನವು ಹೇಳುವುದಿಲ್ಲ; ಅವನ ಪರಾಕ್ರಮವನ್ನರಿತ ಪಲ್ಲವರು ಪಟ್ಟಬಂಧದಿಂದ ಗೌರವಿಸಿ, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನಾಡನ್ನು ಕೊಟ್ಟರೆಂದು ಹೇಳುವುದು. ತನ್ನ ವಿಷಯದಲ್ಲಿ ತಾನು ಅಂದುಕೊಳ್ಳುವುದು ಬೇರೆ, ಲೋಕವು ಒಪ್ಪುವುದು ಬೇರೆ. ಕಲ್ಲು ಕಾಯ್ದಿರಿಸಿದ ಈ ಭೇದವನ್ನು ಕನ್ನಡದ ಲೇಖನಿಯೂ ಕಾಯ್ದುಕೊಳ್ಳಲಿ.