ಹಾಲು ಬಿಟ್ಟವರ ತೋಳ್ಬಲ

ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಲೋಟ ಹಾಲಿನ ವಿಚಾರವಾಗಿ ಸಣ್ಣದೊಂದು ಭಾರತಯುದ್ಧವೇ ನಡೆಯಿತು. ನನ್ನ ಅಣ್ಣನ ಮಗ ನಮ್ಮಲ್ಲಿದ್ದುಕೊಂಡು ಓದುತ್ತಿದ್ದಾನೆ, ಇಪ್ಪತ್ತೆರಡರ ಹುಡುಗ. ಒಂದು ದಿನ ಅವನು, ತಾನು ಇನ್ನು ಮುಂದೆ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲವೆಂದು ಸಾರಿದ. ಜೇನುತುಪ್ಪವೂ ಬೇಡವಂತೆ. ಮಾಂಸ ಮೊಟ್ಟೆಗಳು ನಮ್ಮ ಮನೆಗೆ ಮೊದಲಿನಿಂದಲೂ ದೂರ. ಇಷ್ಟೇ ಆಗಿದ್ದರೆ ಅಮ್ಮ ಅದನ್ನೊಂದು ವ್ರತವೆಂದು ತಿಳಿದು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಹುಡುಗ ಅದೇ ತಿಂಗಳು ಜಿಮ್ಮಿಗೂ ಸೇರಿದ್ದ. ಅಮ್ಮನ ತವರಿನ ಬೀದಿಯಲ್ಲಿ ಗರಡಿಮನೆಯೊಂದಿತ್ತು. ಅಲ್ಲಿನ ಪೈಲ್ವಾನರು ಚೊಂಬುಗಟ್ಟಲೆ ಹಾಲು ಕುಡಿದು, ಬಾದಾಮಿ ಅರೆದು ತಿಂದು, ತುಪ್ಪದಲ್ಲಿ ಕೈ ತೊಳೆದು ಬೆಳೆದದ್ದನ್ನು ಅವಳು ಕಣ್ಣಾರೆ ಕಂಡವಳು. ಭಾರ ಎತ್ತುವುದೂ ಉಂಟು, ಹಾಲು ಬಿಡುವುದೂ ಉಂಟು ಎಂದರೆ ಅವಳಿಗೆ ಅದು ಎಣ್ಣೆಯಿಲ್ಲದೆ ದೀಪ ಹಚ್ಚಿದಂತೆ. ಹುಡುಗ ಒಂದು ದಿನ ಕುಸಿದು ಬೀಳುತ್ತಾನೆಂದು ಆಕೆಗೆ ನಿಜವಾಗಿಯೂ ಭಯ.

“ನೀನು ಓದಿದವನು, ನೀನೇ ಹೇಳಪ್ಪ” ಎಂದು ವ್ಯಾಜ್ಯ ನನ್ನ ಮುಂದೆ ಬಂತು. ಗದಾಯುದ್ಧದ ಭೀಮನ ತೋಳುಗಳ ಬಗ್ಗೆ ಒಂದು ಗಂಟೆ ಪಾಠ ಹೇಳಬಲ್ಲೆ. ಅವು ಏನನ್ನುಂಡು ಬೆಳೆದವೆಂದು ಯಾವ ವಿದ್ಯಾರ್ಥಿಯೂ ಇದುವರೆಗೆ ನನ್ನನ್ನು ಕೇಳಿರಲಿಲ್ಲ. ತೀರ್ಪು ಹೇಳಲು ವಾಯಿದೆ ಕೇಳಿದೆ. ಆ ವಾಯಿದೆಯಲ್ಲಿ ಓದಿ ತಿಳಿದದ್ದು ಈ ಬರಹ.

ಬಲ ಬರುವುದು ಯಾವ ಆಹಾರದಿಂದ ಎಂಬ ಜಗಳ ಕನ್ನಡಕ್ಕೆ ಹೊಸದಲ್ಲ. ಆದರೆ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಅದು ಭತ್ತಕ್ಕೂ ರಾಗಿಗೂ ನಡೆದ ಜಗಳ, ಧಾನ್ಯ ಧಾನ್ಯಗಳ ನಡುವಣದು. ಮಾಂಸಖಂಡ ಬೆಳೆಯಬೇಕಾದರೆ ಮಾಂಸವೇ ಬೇಕು ಎಂಬ ವಾದಕ್ಕೆ ಶಾಸ್ತ್ರದ ಮುದ್ರೆ ಬಿದ್ದದ್ದು ಯೂರೋಪಿನಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಮುದ್ರೆಯೊತ್ತಿದವನು ಜರ್ಮನಿಯ ಮಹಾ ರಸಾಯನಶಾಸ್ತ್ರಜ್ಞ ಯುಸ್ಟುಸ್ ಲೀಬಿಗ್. ದೇಹದ ಮಾಂಸಖಂಡ ಆಗಿರುವುದು ಸಸಾರಜನಕದಿಂದ (ಈಗಿನವರ ಬಾಯಲ್ಲಿ ಪ್ರೋಟೀನು). ನಾವು ನಡೆದಾಗ, ಎತ್ತಿದಾಗ, ಅಗೆದಾಗ ಉರಿಯುವುದೂ ಅದೇ. ಆದುದರಿಂದ ದುಡಿಯುವವನು ಕಳೆದುಕೊಂಡ ಮಾಂಸಖಂಡವನ್ನು ಸಸಾರಜನಕ ತಿಂದೇ ತುಂಬಿಕೊಳ್ಳಬೇಕು. 1842ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಸಾರ ಇದು. ಲೀಬಿಗ್ ಹೇಳಿದ ಮೇಲೆ ಪ್ರಶ್ನೆಯೆಲ್ಲಿ? ವೈದ್ಯರು ನಂಬಿದರು, ಜನ ನಂಬಿದರು. 1865ರಲ್ಲಿ ಅವನ ಹೆಸರಿನಲ್ಲೇ ಒಂದು ಕಂಪೆನಿ ಹುಟ್ಟಿ, ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ದನದ ಮಾಂಸವನ್ನು ಬತ್ತಿಸಿ ಸತ್ವ ಮಾಡಿ ಯೂರೋಪಿಗೆ ಕಳುಹಿಸತೊಡಗಿತು.

ಸ್ವಾರಸ್ಯವೆಂದರೆ, ಆ ಸಿದ್ಧಾಂತದ ಬುಡಕ್ಕೆ ಕೊಡಲಿ ಬಿದ್ದದ್ದೂ ಅದೇ 1865ರಲ್ಲಿ. ಜ್ಯೂರಿಕ್ಕಿನಲ್ಲಿ ಇಬ್ಬರು ಪ್ರಾಧ್ಯಾಪಕರಿದ್ದರು. ಅಡಾಲ್ಫ್ ಫಿಕ್ ಶರೀರಶಾಸ್ತ್ರದವನು, ಯೊಹಾನೆಸ್ ವಿಸ್ಲಿಟ್ಸೇನುಸ್ ರಸಾಯನಶಾಸ್ತ್ರದವನು. ಇವರಿಗೆ ಒಂದು ಯುಕ್ತಿ ಹೊಳೆಯಿತು. ಸಸಾರಜನಕ ದೇಹದಲ್ಲಿ ಉರಿದರೆ ಅದರಲ್ಲಿರುವ ಸಾರಜನಕ ಮೂತ್ರದಲ್ಲಿ ಹೊರಬರಲೇಬೇಕು. ಹಾಗಿದ್ದರೆ ಒಂದು ಬೆಟ್ಟ ಹತ್ತಿ, ಎಷ್ಟು ಕೆಲಸ ಮಾಡಿದೆವೆಂದು ಲೆಕ್ಕ ಹಾಕಿ, ಮೂತ್ರವನ್ನು ಅಳೆದು ನೋಡಿದರೆ ಲೀಬಿಗ್ ಹೇಳಿದ್ದು ನಿಜವೋ ಸುಳ್ಳೋ ಗೊತ್ತಾಗುತ್ತದೆ. ಆಗಸ್ಟ್ 29ರ ಮಧ್ಯಾಹ್ನದಿಂದ ಅವರು ಸಸಾರಜನಕವಿರುವ ಯಾವ ಪದಾರ್ಥವನ್ನೂ ತಿನ್ನಲಿಲ್ಲ. ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು, ಸಕ್ಕರೆ ಹಾಕಿದ ಚಹಾ, ಮುಖ್ಯವಾಗಿ ಇಷ್ಟೇ. ಮರುದಿನ ಬೆಳಗಿನ ಜಾವ ಬ್ರೀನ್ಸ್ ಸರೋವರದ ದಡದಿಂದ ಹೊರಟು, ಎಂಟು ಗಂಟೆಗಳ ಕಾಲ ಹತ್ತಿ, ಫೌಲ್‌ಹಾರ್ನ್ ಶಿಖರ ಮುಟ್ಟಿದರು. ಏರಿದ ಎತ್ತರ 1956 ಮೀಟರು. ಫಿಕ್‌ನ ತೂಕ 66 ಕಿಲೋಗ್ರಾಂ, ಗೆಳೆಯನದು 76. ತೂಕವನ್ನು ಎತ್ತರದಿಂದ ಗುಣಿಸಿದರೆ ಕೆಲಸ ಎಷ್ಟೆಂದು ಸಿಗುತ್ತದೆ. ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕ. ದಾರಿಯುದ್ದಕ್ಕೂ ಆ ಇಬ್ಬರು ಗಂಭೀರ ಪಂಡಿತರು ತಮ್ಮ ತಮ್ಮ ಮೂತ್ರವನ್ನು ಸೀಸೆಗಳಲ್ಲಿ ಜೋಪಾನವಾಗಿ ಹಿಡಿದಿಟ್ಟುಕೊಂಡು ಬೆಟ್ಟ ಹತ್ತಿದ ಚಿತ್ರವನ್ನು ನೆನೆದರೆ ನಗು ಬರುತ್ತದೆ. ಆದರೆ ಶರೀರಶಾಸ್ತ್ರದ ಚರಿತ್ರೆಯಲ್ಲಿ ಅದಕ್ಕಿಂತ ಅಗ್ಗವಾಗಿ ಅಷ್ಟು ದೊಡ್ಡ ಸತ್ಯವನ್ನು ಕಂಡುಕೊಂಡವರು ವಿರಳ.

ಒಬ್ಬೊಬ್ಬನ ದೇಹದಲ್ಲಿ ಉರಿದ ಸಸಾರಜನಕ ಸುಮಾರು 37 ಗ್ರಾಂ ಮಾತ್ರ. ಅದರಿಂದ ಎಷ್ಟು ಶಕ್ತಿ ಬಂದೀತೆಂದು ಮರುವರ್ಷ ಅಳೆದು ತೋರಿಸಿದವನು ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲಂಡ್. ಫಿಕ್‌ನ ಸೋದರಿಯ ಗಂಡ. ನೆಂಟಸ್ತಿಕೆ ವಿಜ್ಞಾನಕ್ಕೂ ಒದಗುತ್ತದೆ. ಬೆಟ್ಟ ಹತ್ತಲು ಬೇಕಾದ ಶಕ್ತಿಯಲ್ಲಿ ಅದು ಅರ್ಧದಷ್ಟು ಮಾತ್ರ; ಗುಂಡಿಗೆ ಬಡಿದದ್ದು, ಉಸಿರಾಡಿದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಉಳಿದದ್ದೆಲ್ಲ ಪಿಷ್ಟದಿಂದಲೂ ಕೊಬ್ಬಿನಿಂದಲೂ ಬಂದಿರಲೇಬೇಕು. ಮಾಂಸಖಂಡವೊಂದು ಉಗಿಯಂತ್ರವೆಂದುಕೊಂಡರೆ ಯಂತ್ರ ಕಬ್ಬಿಣದ್ದು, ಉರಿಯುವುದು ಮಾತ್ರ ಕಲ್ಲಿದ್ದಲು. ಲೀಬಿಗ್ ಕಬ್ಬಿಣವೇ ಉರಿಯುತ್ತದೆಂದು ಭಾವಿಸಿದ್ದ.

ಮುಂದೆ 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡನ್ ಇನ್ನೊಂದು ಹೆಜ್ಜೆ ಇಟ್ಟ. ದುಡಿಯುವವನಿಗೆ ದಿನಕ್ಕೆ 118 ಗ್ರಾಂ ಸಸಾರಜನಕ ಬೇಕೆಂದು ಜರ್ಮನಿಯ ಕಾರ್ಲ್ ಫಾಯ್ಟ್ ವಿಧಿಸಿದ್ದ. ಚಿಟೆಂಡನ್ ತನ್ನನ್ನೂ ಕೆಲವು ಸಹೋದ್ಯೋಗಿಗಳನ್ನೂ, ಹದಿಮೂರು ಮಂದಿ ಸಿಪಾಯಿಗಳನ್ನೂ, ಎಂಟು ಮಂದಿ ಕ್ರೀಡಾಪಟು ವಿದ್ಯಾರ್ಥಿಗಳನ್ನೂ ತಿಂಗಳುಗಟ್ಟಲೆ ಅದರ ಅರ್ಧದಷ್ಟರಲ್ಲೇ ಇಟ್ಟು ನೋಡಿದ. ಬಲ ಕುಗ್ಗುವುದಿರಲಿ, ಹೆಚ್ಚಿತು. ಅವರೇನೂ ಶಾಕಾಹಾರಿಗಳಲ್ಲ, ಮಾಂಸ ಕಡಿಮೆ ಮಾಡಿದವರು, ಅಷ್ಟೆ.

ಆದರೆ ಇಲ್ಲಿ ಒಂದು ತೊಡಕುಂಟು. ಕಲ್ಲಿದ್ದಲು ಬೇರೆ, ಕಬ್ಬಿಣ ಬೇರೆ ಎಂದಮೇಲೆ ಯಂತ್ರವನ್ನು ದೊಡ್ಡದು ಮಾಡಬೇಕೆನ್ನುವವನಿಗೆ ಕಬ್ಬಿಣ ಎಲ್ಲಿಂದ? ನನ್ನ ಅಣ್ಣನ ಮಗನ ಪ್ರಶ್ನೆ ಬೆಟ್ಟ ಹತ್ತುವುದಲ್ಲ, ತೋಳು ಬೆಳೆಸುವುದು. ಇದಕ್ಕೆ ಉತ್ತರ ಸಿಗುವುದಕ್ಕೆ ಮೊದಲೇ ಒಬ್ಬ ಮನುಷ್ಯ ತನ್ನ ದೇಹವನ್ನೇ ಪಣಕ್ಕೊಡ್ಡಿದ.

ಮೋಹನದಾಸ ಗಾಂಧಿ ಹುಡುಗನಾಗಿದ್ದಾಗ ಗೆಳೆಯನೊಬ್ಬನ ಮಾತಿಗೆ ಒಲಿದು ಗುಟ್ಟಾಗಿ ಆಡಿನ ಮಾಂಸ ತಿಂದದ್ದನ್ನು ಆತ್ಮಕಥೆ ಓದಿದವರೆಲ್ಲ ಬಲ್ಲರು. ಇಂಗ್ಲಿಷರು ಮಾಂಸ ತಿಂದು ಬಲಿಷ್ಠರಾಗಿ ನಮ್ಮನ್ನಾಳುತ್ತಾರೆಂಬ ನಂಬಿಕೆ ಆಗ ಶಾಲೆಯ ಹುಡುಗರಲ್ಲೆಲ್ಲ ಹಬ್ಬಿತ್ತು. ಲೀಬಿಗ್‌ನ ಹೆಸರನ್ನೂ ಕೇಳದ ಮಕ್ಕಳ ತಲೆಯಲ್ಲಿ ಅವನ ಸಿದ್ಧಾಂತ! ಆ ರಾತ್ರಿ ಹೊಟ್ಟೆಯೊಳಗೆ ಆಡೊಂದು ಅರಚಿದಂತಾಗಿ ಹುಡುಗನಿಗೆ ನಿದ್ದೆ ಬರಲಿಲ್ಲ. ಮುಂದೆ 1912ರಲ್ಲಿ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂನಲ್ಲಿ, ಅವರು ಹಾಲನ್ನೂ ಬಿಟ್ಟರು. ಇಂದ್ರಿಯನಿಗ್ರಹದ ವಿಚಾರ ಒಂದು ಕಡೆ. ಕಲ್ಕತ್ತೆಯ ಹಾಲಿನವರು ಹಸು ಎಮ್ಮೆಗಳನ್ನು ಹಿಂಸಿಸುವ ಕ್ರಮವನ್ನು ತಿಳಿದದ್ದು ಇನ್ನೊಂದು ಕಡೆ. ಆರು ವರ್ಷ ನಿರಾತಂಕವಾಗಿ ನಡೆಯಿತು. 1918ರಲ್ಲಿ, ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಕೂಡಿಸಲು ಬಿಸಿಲಿನಲ್ಲಿ ತಿರುಗುತ್ತಿದ್ದಾಗ, ಮುಖ್ಯವಾಗಿ ಕಡಲೆಕಾಯಿಯ ಬೆಣ್ಣೆ, ನಿಂಬೆಹಣ್ಣುಗಳ ಮೇಲೆ ಬದುಕಿದ್ದ ಆ ದೇಹ ರಕ್ತಭೇದಿಗೆ ಸಿಕ್ಕಿ ಕುಸಿಯಿತು. ತಾವು ಉಳಿಯುವುದಿಲ್ಲವೆಂದೇ ಅವರು ಭಾವಿಸಿದರು. ಮುಂಬಯಿಯ ವೈದ್ಯ ಡಾಕ್ಟರ್ ದಲಾಲ್, ಹಾಲು ಕುಡಿಯದೆ ಈ ದೇಹವನ್ನು ಮತ್ತೆ ಕಟ್ಟಲಾರೆನೆಂದು ಕೈಚೆಲ್ಲಿದರು. ಆಗ ದಾರಿ ತೋರಿಸಿದವರು ಕಸ್ತೂರಬಾ. ಪ್ರತಿಜ್ಞೆ ಮಾಡಿದಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳಲ್ಲವೆ? ಹಾಗಾದರೆ ಆಡಿನ ಹಾಲಿಗೇನು ಅಡ್ಡಿ?

ಗಾಂಧೀಜಿ ಒಪ್ಪಿದರು, ಬದುಕಿದರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಸತ್ತಿತೆಂದು ಕೊನೆಯವರೆಗೂ ಕೊರಗಿದರು. ಅವರ ಆಡನ್ನು ನಾವು ಚಿತ್ರಪಟಗಳಲ್ಲಿ ನೋಡಿ ಮೆಚ್ಚುತ್ತೇವೆ. ಆದರೆ ಅವರ ಪಾಲಿಗೆ ಅದು ಸೋಲಿನ ಗುರುತಾಗಿತ್ತು. ಹಾಲಿಗೆ ಬದಲಾಗಿ ಅಷ್ಟೇ ಪುಷ್ಟಿ ಕೊಡುವ ಸಸ್ಯಪದಾರ್ಥ ಯಾವುದೆಂದು ಬಲ್ಲವರು ತಿಳಿಸಬೇಕೆಂದು ಅವರು ವೈದ್ಯರನ್ನು ಬಹಿರಂಗವಾಗಿಯೇ ಕೇಳಿಕೊಂಡಿದ್ದರು. ಅವರ ದೇಹವನ್ನು ಹಾಲೇ ಕಟ್ಟಿತೋ, ಅಥವಾ ಆರೈಕೆ ವಿಶ್ರಾಂತಿಗಳ ಜೊತೆಗೆ ಬಂದ ಯಾವುದೇ ಒಳ್ಳೆಯ ಊಟ ಕಟ್ಟುತ್ತಿತ್ತೋ ಹೇಳಬಲ್ಲವರಾರು? ಒಬ್ಬನೇ ರೋಗಿಯಿಂದ ಶಾಸ್ತ್ರ ಹುಟ್ಟುವುದಿಲ್ಲ.

ಅವರ ಪ್ರಶ್ನೆಗೆ ಉತ್ತರ ಮೂರು ಕಡೆಯಿಂದ ಬಂತು. ಮೊದಲನೆಯದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ. ವಿಲಿಯಂ ರೋಸ್ ಎಂಬಾತ 1940ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಸಸಾರಜನಕದ ಬದಲು ಅದರ ಘಟಕಗಳಾದ ಅಮೈನೋ ಆಮ್ಲಗಳನ್ನೇ ಉಣಿಸಿ, ವಯಸ್ಕನ ದೇಹ ತಾನೇ ತಯಾರಿಸಿಕೊಳ್ಳಲಾರದವು ಎಂಟು ಎಂದು ತೋರಿಸಿದ. ಆ ಎಂಟೂ ಸಿಕ್ಕರೆ ಸಾಕು. ಅವು ಹಸುವಿನಿಂದ ಬಂದವೋ ಅವರೆಯಿಂದ ಬಂದವೋ ದೇಹ ಕೇಳುವುದಿಲ್ಲ. ಅಕ್ಕಿ ಗೋಧಿಗಳಲ್ಲಿ ಲೈಸೀನ್ ಎಂಬುದು ಕಡಿಮೆ, ಬೇಳೆಕಾಳುಗಳಲ್ಲಿ ಹೇರಳ. ಬೇಳೆಯಲ್ಲಿ ಕಡಿಮೆಯಾದ ಮಿಥಿಯೋನಿನ್ ಧಾನ್ಯದಲ್ಲಿ ಸಿಗುತ್ತದೆ. ಅನ್ನಕ್ಕೆ ತೊವ್ವೆ, ಮುದ್ದೆಗೆ ಹುರುಳಿಸಾರು ಏಕೆಂದು ನಮ್ಮ ಅಜ್ಜಿಯರನ್ನು ಯಾರೂ ಕೇಳಿರಲಿಲ್ಲ.

ಎರಡನೆಯದು ನಮ್ಮ ನಾಡಿನದೇ. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು 1940ರ ದಶಕದಲ್ಲಿ ಸೋಯಾ ಅವರೆಯಿಂದ ಹಾಲು ತೆಗೆದು, ಅದರ ಪೋಷಣಶಕ್ತಿಯನ್ನು ಪರೀಕ್ಷಿಸಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಕಡಲೆಕಾಯಿಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿದ ಪುಷ್ಟಿಯಾಹಾರ ಅಲ್ಲಿಂದ ಹೊರಬಂತು. ಅವರ ಕಣ್ಣಿದ್ದದ್ದು ಹಾಲು ಬಿಟ್ಟವರ ಮೇಲಲ್ಲ, ಹಾಲೇ ಸಿಗದ ಬಡಮಕ್ಕಳ ಮೇಲೆ. ಹಾಲು ಬಿಡುವುದಕ್ಕೂ ಹಾಲಿಲ್ಲದಿರುವುದಕ್ಕೂ ಇರುವ ಅಂತರವನ್ನು ನನ್ನ ಅಣ್ಣನ ಮಗನಿಗೆ ನಾನು ಒಂದಕ್ಕಿಂತ ಹೆಚ್ಚು ಸಲ ನೆನಪಿಸಿದ್ದೇನೆ.

ಮೂರನೆಯ ಉತ್ತರ ಎಚ್ಚರಿಕೆಯ ರೂಪದ್ದು. 1944ರ ನವೆಂಬರಿನಲ್ಲಿ, ಯುದ್ಧಕಾಲದ ಇಂಗ್ಲೆಂಡಿನಲ್ಲಿ, ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮೇಷ್ಟ್ರು ಕೆಲವರನ್ನು ಕೂಡಿಕೊಂಡು ಹಾಲುಮೊಟ್ಟೆಗಳನ್ನೂ ಬಿಟ್ಟವರ ಸಂಘವೊಂದನ್ನು ಕಟ್ಟಿದ. ‘ವೆಜಿಟೇರಿಯನ್’ ಎಂಬ ಮಾತಿನ ಮೊದಲನ್ನೂ ಕೊನೆಯನ್ನೂ ಕೂಡಿಸಿ ‘ವೀಗನ್’ ಎಂಬ ಹೆಸರಾಯಿತು. ಕನ್ನಡದಲ್ಲಿ ಇದಕ್ಕೆ ಮಾತಿಲ್ಲ. ನಮ್ಮ ‘ಶುದ್ಧ ಸಸ್ಯಾಹಾರಿ’ಯ ಶುದ್ಧಿ ತುಪ್ಪದಿಂದಲೇ ಆಗುವುದು. ಈ ಜನ ಹಾಲು ಬಿಟ್ಟಾಗ ಅವರಿಗೆ ತಿಳಿಯದ ಸಂಗತಿಯೊಂದಿತ್ತು. ಅವರಿಗೇಕೆ, ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಿ-12 ಎಂಬ ಜೀವಸತ್ವವನ್ನು ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಬೇರ್ಪಡಿಸಿದ್ದು ನಾಲ್ಕು ವರ್ಷದ ಮೇಲೆ, 1948ರಲ್ಲಿ. ಅದನ್ನು ಗಿಡ ಮಾಡದು, ಪ್ರಾಣಿಯೂ ಮಾಡದು, ಮಾಡುವುದು ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿಗೆ ಬರುತ್ತದೆ. ದೇಹದಲ್ಲಿ ಅದರ ಸಂಗ್ರಹ ವರ್ಷಗಟ್ಟಲೆ ಬಾಳುವುದರಿಂದ ಕೊರತೆ ಕಳ್ಳಹೆಜ್ಜೆಯಲ್ಲಿ ಬರುತ್ತದೆ. 1955ರಲ್ಲಿ ವೋಕ್ಸ್, ಬಡೆನಾಕ್, ಸಿಂಕ್ಲೇರ್ ಎಂಬ ಮೂವರು ಇಂಗ್ಲೆಂಡಿನ ವೀಗನ್ನರನ್ನು ಪರೀಕ್ಷಿಸಿದಾಗ ಕೆಲವರಲ್ಲಿ ನಾಲಗೆಯ ಉರಿ, ಕೈಕಾಲಿನ ಜೋಮು ಕಂಡುಬಂದವು. ಕರುಣೆಯಿಂದ ಹೊರಟವರು ನರಗಳನ್ನು ತೆತ್ತಿದ್ದರು. ಬೇಕಾದದ್ದು ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡೂವರೆ ಪಾಲಿಗಿಂತ ಕಡಿಮೆ! ಈಗ ಅದನ್ನು ಕಾರ್ಖಾನೆಯ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಂದಲೇ ಮಾಡಿಸಿ ಗುಳಿಗೆ ಕಟ್ಟುತ್ತಾರೆ. ವಾಟ್ಸನ್ ತೊಂಬತ್ತೈದು ವರ್ಷ ಬಾಳಿ 2005ರಲ್ಲಿ ತೀರಿಕೊಂಡ.

ಇನ್ನು ತೋಳಿನ ಮಾತು. ಹುಡುಗ ತನ್ನ ಕೋಣೆಯಲ್ಲಿ ಪಾಟ್ರಿಕ್ ಬಬೂಮಿಯನ್ ಎಂಬ ಜರ್ಮನಿಯ ಜಟ್ಟಿಯ ಚಿತ್ರ ಅಂಟಿಸಿದ್ದಾನೆ. 2013ರಲ್ಲಿ ಟೊರಾಂಟೋದಲ್ಲಿ 550 ಕಿಲೋಗ್ರಾಮಿಗೂ ಹೆಚ್ಚಿನ ಭಾರವನ್ನು ಹೆಗಲಮೇಲೆ ಹೊತ್ತು ಹತ್ತು ಮೀಟರು ನಡೆದವನು. ಆದರೆ ಅವನು ಹಾಲು ಬಿಟ್ಟದ್ದು 2011ರಲ್ಲಿ; ಆ ದೇಹದ ಬಹುಪಾಲು ಅದಕ್ಕೆ ಮೊದಲೇ ಬೆಳೆದಿತ್ತು. ನನಗೆ ಅದಕ್ಕಿಂತ ಮೆಚ್ಚಿಗೆಯಾದದ್ದು ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆ. ಹತ್ತೊಂಬತ್ತು ಮಂದಿ ವೀಗನ್ ಯುವಕರು, ಹತ್ತೊಂಬತ್ತು ಮಂದಿ ಎಲ್ಲವನ್ನೂ ತಿನ್ನುವವರು. ಹನ್ನೆರಡು ವಾರ ಕಾಲಿನ ವ್ಯಾಯಾಮ. ಇಬ್ಬರಿಗೂ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 1.6 ಗ್ರಾಂ ಸಸಾರಜನಕ. ಕಡಿಮೆ ಬಿದ್ದದ್ದನ್ನು ಒಬ್ಬರಿಗೆ ಸೋಯಾ ಪುಡಿಯಿಂದ, ಇನ್ನೊಬ್ಬರಿಗೆ ಹಾಲಿನ ಪುಡಿಯಿಂದ ತುಂಬಿದರು. ಕೊನೆಗೆ ಮಾಂಸಖಂಡದ ಬೆಳವಣಿಗೆಯಲ್ಲಾಗಲಿ ಬಲದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಆದರೆ ಆ 1.6 ಗ್ರಾಂ ಎಂಬುದು ಹುಡುಗಾಟವಲ್ಲ. ಅರವತ್ತು ಕಿಲೋಗ್ರಾಂ ತೂಗುವ ನಮ್ಮ ಹುಡುಗನಿಗೆ ದಿನಕ್ಕೆ 96 ಗ್ರಾಂ ಆಯಿತು. ನೂರು ಗ್ರಾಂ ತೊಗರಿಬೇಳೆಯಲ್ಲಿ ಇರುವುದು ಸುಮಾರು 22, ಕಡಲೆಕಾಯಿಯಲ್ಲಿ 25, ಸೋಯಾದಲ್ಲಿ 36ಕ್ಕೆ ಮೇಲೆ. ನಮ್ಮ ಮನೆಯ ಸಾರಿನಲ್ಲೋ, ಬೇಳೆಯನ್ನು ಸೌಟು ಹಾಕಿ ಹುಡುಕಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಅಮ್ಮನಿಗೂ ಮೊಮ್ಮಗನಿಗೂ ಒಟ್ಟಿಗೆ ಓದಿ ಹೇಳಿದೆ. ಹುಡುಗನ ಮುಖ ಸಣ್ಣದಾಯಿತು, ಅಮ್ಮನದು ಅರಳಿತು. ಲೆಕ್ಕ ಎಂದಮೇಲೆ ಅದು ಅಡುಗೆಮನೆಗೆ ಸೇರಿದ್ದು, ಅಡುಗೆಮನೆ ಎಂದಮೇಲೆ ಅವಳಿಗೆ ಸೇರಿದ್ದು.

ಈಗ ನಮ್ಮಲ್ಲಿ ವಾರಕ್ಕೆ ನಾಲ್ಕು ದಿನ ಹುರುಳಿ, ಅವರೆ, ಹಲಸಂದೆ ಕಾಳಿನ ಸಾರು. ಮೊಳಕೆ ಕಟ್ಟುವ ಬಟ್ಟೆ ಸದಾ ಗೂಟಕ್ಕೆ ನೇತಾಡುತ್ತಿರುತ್ತದೆ. ಬಿ-12 ಗುಳಿಗೆಯನ್ನು ಹುಡುಗ ಮರೆತರೂ ಅಮ್ಮ ಮರೆಯುವುದಿಲ್ಲ. ಹುಡುಗನ ತೋಳು ಅಂಗಿಯ ತೋಳಿಗಿಂತ ಒಂದಿಷ್ಟು ದಪ್ಪವಾಗಿರುವುದು ನಿಜ. ಅಮ್ಮ ಅದನ್ನು ಒಪ್ಪುತ್ತಾಳೆ. ಆದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನ ಪಾಲಿನ ಒಂದು ಲೋಟ ಹಾಲನ್ನು ಕಾಯಿಸಿ, ತಟ್ಟೆ ಮುಚ್ಚಿ, ಒಲೆಯ ಪಕ್ಕದಲ್ಲಿಟ್ಟೇ ಮಲಗುತ್ತಾಳೆ. ಬೆಳಿಗ್ಗೆ ಅದು ನನ್ನ ಕಾಫಿಗೆ ಬರುತ್ತದೆ.